ನೊಣದ ಮೇಷ್ಟ್ರು

ಆ ಊರಿನಲ್ಲಿ ನನಗೆ ಕೊನೆಯವರೆಗೂ ಹೆಸರು ಸಿಕ್ಕಲಿಲ್ಲ. ಮೊದಮೊದಲು ‘ಬೆಂಗಳೂರು ಸಾರ್’ ಎನ್ನುತ್ತಿದ್ದರು. ನಾನಿರುವುದು ಮಾಲೂರಿನಲ್ಲಿ ಎಂದು ಗೊತ್ತಾದ ಮೇಲೆ ಮರ್ಯಾದೆ ಒಂದು ಮೆಟ್ಟಿಲು ಇಳಿದು ‘ಮಾಲೂರು ಮೇಷ್ಟ್ರು’ ಆದೆ. ರೇಷ್ಮೆ ಹುಳಕ್ಕೆ ಬೀಳುವ ಊಜಿ ನೊಣ ಕಾಣಿಸಿಕೊಂಡ ವಾರದಿಂದ ‘ನೊಣದ ಮೇಷ್ಟ್ರು’.

ಒಂದು ಬೆಳಿಗ್ಗೆ ವೇಮಗಲ್ ಬಸ್ಸಿಳಿದು ನಡೆದು ಬರುತ್ತಿದ್ದಾಗ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದವರಲ್ಲಿ ಒಬ್ಬರು, “ಈಯನೇ ತೆಚ್ಚಿನಾಡು” ಎಂದರು. ನೊಣ ತಂದವನು ಇವನೇ, ಎಂದು. ನನಗೆ ತೆಲುಗು ತಿಳಿಯದು ಎಂದುಕೊಂಡು ಹೇಳಿದರೋ, ತಿಳಿಯಲಿ ಎಂದೇ ಹೇಳಿದರೋ. ಕೋಲಾರದ ಸೀಮೆಯಲ್ಲಿ ಬಯ್ಯುವವರಿಗೂ ಎರಡು ಭಾಷೆ ಬರುತ್ತದೆ, ಬಯ್ಯಿಸಿಕೊಳ್ಳುವವರಿಗೂ ಬರುತ್ತದೆ.

ಆ ಮಾತು ಕಿವಿಗೆ ಬಿದ್ದ ಕೂಡಲೇ ನಾನು ಮಾಡಿದ ಕೆಲಸ ಎಂದರೆ ಹೆಗಲ ಚೀಲ ಬಿಚ್ಚಿ ತಲೆಕೆಳಗು ಮಾಡಿ ಕೊಡವಿ ನೋಡಿದ್ದು. ಅದೂ ಅವರೆಲ್ಲರ ಎದುರಿಗೇ. ತಪ್ಪು ಮಾಡದವರು ಯಾರೂ ಹಾಗೆ ಮಾಡುವುದಿಲ್ಲ. ಆದರೆ ನನ್ನ ಸ್ವಭಾವವೇ ಅಂಥದು. ಬಸ್ಸಿನಲ್ಲಿ ಯಾರದೋ ಜೇಬು ಕತ್ತರಿಸಿಹೋದರೆ ನಾನು ನನ್ನ ಕೈ ನೋಡಿಕೊಳ್ಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ನಾನು, ತಲೆ ಮುಕ್ಕಾಲು ನರೆತ ಮೇಲೆ, ಅಧ್ಯಯನ ರಜೆ ಹಾಕಿ ಬೆಂಗಳೂರಿನಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ನೀತಿಯ ಪಿಎಚ್.ಡಿ.ಗೆ ಸೇರಿದ್ದೆ. ಸರ್ಕಾರ ಒಂದು ಹೊಸ ವಿಧಾನವನ್ನು ಹಳ್ಳಿಗೆ ಕಳಿಸಿದರೆ ಅಲ್ಲಿ ಅದರ ಗತಿ ಏನಾಗುತ್ತದೆ ಎಂಬುದು ನನ್ನ ಪ್ರಶ್ನೆ. ಅದಕ್ಕಾಗಿ ಆರಿಸಿಕೊಂಡದ್ದು ರೇಷ್ಮೆ ಹುಳ ಸಾಕುವ ಮನೆಗಳನ್ನು. ನನ್ನ ಮಾರ್ಗದರ್ಶಕರು ನನಗಿಂತ ಕಿರಿಯರು, ಹೊರದೇಶದಲ್ಲಿ ಓದಿ ಬಂದವರು. ನನ್ನನ್ನು ಕಂಡರೆ ಅವರಿಗೆ ಮೊದಲ ದಿನದಿಂದಲೂ ಅಷ್ಟಕ್ಕಷ್ಟೆ. ಅವರ ಷರತ್ತು ಒಂದೇ: “ಒಂದು ಬೆಳೆಯನ್ನಾದರೂ ಹುಳದ ಮನೆಯ ಒಳಗೆ ನಿಂತು ಪೂರ್ತಿ ನೋಡಿ ಬನ್ನಿ. ಅಲ್ಲಿಯವರೆಗೆ ಪ್ರಬಂಧದ ಮಾತು ಬೇಡ.” ನನ್ನ ರಜೆ ಆ ಬೇಸಿಗೆಗೆ ಮುಗಿಯುವುದಿತ್ತು. ಇನ್ನೊಂದು ಸಲ ರಜೆ ಸಿಕ್ಕುವುದಿಲ್ಲ ಎಂದು ಪ್ರಿನ್ಸಿಪಾಲರು ನಗುನಗುತ್ತಲೇ ಹೇಳಿ ಕಳಿಸಿದ್ದರು. ಬೇಸಿಗೆಯೊಳಗೆ ಒಂದು ಬೆಳೆ ನೋಡಬೇಕು, ಇಲ್ಲವೇ ಎರಡು ವರ್ಷದ ಕೆಲಸ ಕಸದ ಬುಟ್ಟಿಗೆ.

ಆದರೆ ಹುಳದ ಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಆ ಊರಿನ ಅತಿ ದೊಡ್ಡ ಹುಳದ ಮನೆ ಒಬ್ಬ ಯಜಮಾನಮ್ಮನದು. ಹೊಲ, ಹಿಪ್ಪುನೇರಳೆ ತೋಟ ಗಂಡನ ಪಾಲಿಗೆ. ಹುಳ ಆಕೆಯ ಪಾಲಿಗೆ. ಮೊದಲ ದಿನ ಹೊಸ್ತಿಲಿಗೆ ಸೊಪ್ಪಿನ ಮಂಕರಿ ಅಡ್ಡ ಇಟ್ಟು ನನ್ನ ವಿಚಾರಣೆ ನಡೆಸಿದರು.

“ಬೆಳಗ್ಗೆ ಏನ್ ತಿಂದ್ರಿ ಮೇಷ್ಟ್ರೇ?”

“ಉಪ್ಪಿಟ್ಟು.”

“ಈರುಳ್ಳಿ ಹಾಕಿದ್ರಾ?”

“ಹಾಕಿದ್ರು.”

“ಬೀಡಿ?”

“ಇಲ್ಲಮ್ಮ, ಸೇದಲ್ಲ.”

“ತಲೆಗೇನೋ ಗಮ್ ಅನ್ನೋ ಎಣ್ಣೆ ಹಾಕ್ಕೊಂಡಿದೀರ.”

“ಅದು ಕೂದಲು ಉದುರದೇ ಇರ್ಲಿ ಅಂತ.”

ಆಕೆ ನನ್ನ ತಲೆಯನ್ನು ಸಾವಕಾಶವಾಗಿ ನೋಡಿದರು. “ಹುಳಕ್ಕೂ ಅದು ಆಗಲ್ಲ, ನಿಮ್ಗೂ ಆಗ್ಬಂದಂಗೆ ಕಾಣಲ್ಲ. ಹೊರಗೆ ಕೂತ್ಕೊಳಿ.”

ಮುಂದಿನ ಸಲ ಈರುಳ್ಳಿ ಬಿಟ್ಟು, ಎಣ್ಣೆ ಬಿಟ್ಟು, ತಣ್ಣೀರು ಸ್ನಾನ ಮಾಡಿ ಹೋದೆ. “ವಾಸನೆ ಇಲ್ಲ, ಸರಿ. ಕಣ್ಣಿದೆಯಲ್ಲ? ಹೊರಗಿನೋರ ಕಣ್ಣು ಬಿದ್ರೆ ಹುಳ ಸೊಪ್ಪು ಮುಟ್ಟಲ್ಲ” ಎಂದರು. ಕಣ್ಣನ್ನು ಮಾಲೂರಿನಲ್ಲಿ ಬಿಟ್ಟು ಬರುವುದು ಹೇಗೆ? ಬಾಗಿಲಿಗೆ ಎದುರಾಗಿ ಅಂಗಳದಲ್ಲಿ ಒಂದು ಕಲ್ಲುಚಪ್ಪಡಿ ಇತ್ತು. ಅದೇ ನನ್ನ ಸಂಶೋಧನಾಲಯವಾಯಿತು.

ಅಲ್ಲಿ ಕೂತು ಎಷ್ಟೋ ವಾರ ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ನೋಡಿದೆ. ಸೊಪ್ಪು ಒಳಗೆ ಹೋಗುತ್ತದೆ, ಹಿಕ್ಕೆ ಮತ್ತು ತಿಂದುಳಿದ ಕಡ್ಡಿ ಹೊರಗೆ ಬರುತ್ತದೆ. ಹುಳ ಪೊರೆ ಬಿಡುವ ಹೊತ್ತಿಗೆ ಅವರು ‘ಜ್ವರ’ ಎನ್ನುತ್ತಾರೆ. ಆಗ ಅದು ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಮನೆಯವರೂ ದನಿ ತಗ್ಗಿಸುತ್ತಾರೆ. ನಾಲ್ಕನೆಯ ಜ್ವರ ಕಳೆದ ಮೇಲೆ ಹುಳಕ್ಕೆ ಎಲ್ಲಿಲ್ಲದ ಹಸಿವು. ಆಮೇಲೆ ಮೈ ಹಳದಿ ತಿರುಗಿ ‘ಹಣ್ಣಾಗು’ತ್ತದೆ. ಹಣ್ಣಾದ ಹುಳವನ್ನು ಕೈಯಲ್ಲಿ ಆಯ್ದು ಚಂದ್ರಿಕೆಯ ಮೇಲೆ ಬಿಡುತ್ತಾರೆ. ಚಂದ್ರಿಕೆ ಎಂದರೆ ಬಾಗಿಲಷ್ಟು ದೊಡ್ಡ ಬಿದಿರಿನ ತಟ್ಟಿ, ಅದರ ಮೇಲೆ ಸುರುಳಿಯಾಗಿ ನಿಲ್ಲಿಸಿದ ಬಿದಿರ ಪಟ್ಟಿ; ಆ ಸಂದುಗಳಲ್ಲಿ ಹುಳ ಗೂಡು ಕಟ್ಟುತ್ತದೆ.

ಅಂಥ ಹೊತ್ತಿಗೆ ಊಜಿ ನೊಣ ಬಂತು. ನೋಡಲು ಮನೆಯ ನೊಣದ ಹಾಗೆಯೇ, ಸ್ವಲ್ಪ ದಪ್ಪ, ಬೆನ್ನ ಮೇಲೆ ಕಪ್ಪು ಗೀರು. ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿ ಹುಳದೊಳಗೆ ಸೇರಿ ತಿಂದು, ಕೊನೆಗೆ ಗೂಡನ್ನೇ ಕೊರೆದು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ತೆಗೆಯಲಾಗದು. ಎಲ್ಲಿಂದಲೋ ದೂರದಿಂದ ಬಂದ ಪೀಡೆ ಎನ್ನುತ್ತಿದ್ದರು. ರೇಷ್ಮೆ ಇಲಾಖೆಯಿಂದ ಊರೂರಿಗೆ ತಿರುಗುವ ಒಬ್ಬ ಡೆಮಾನ್‌ಸ್ಟ್ರೇಟರ್ ಬಂದು ಕಿಟಕಿ ಬಾಗಿಲುಗಳಿಗೆ ನೈಲಾನ್ ಬಲೆ ಕಟ್ಟಿಸಿದರು. “ಹುಳಕ್ಕೆ ಸಂಬಂಧಪಟ್ಟಿದ್ದೆಲ್ಲ ಬಲೆಯೊಳಗೇ ಇರ್ಲಿ. ತಟ್ಟೆ, ಸೊಪ್ಪು, ಚಂದ್ರಿಕೆ, ಒಂದೂ ಹೊರಗೆ ಬಿಡ್ಬೇಡಿ” ಎಂದು ಅಪ್ಪಣೆ ಕೊಟ್ಟರು. ಯಜಮಾನಮ್ಮ ಅಕ್ಷರಶಃ ಪಾಲಿಸಿದರು. ಬಲೆ ಸರಿಸಿದ ಸೊಸೆಯನ್ನು ಆಕೆ ಬಯ್ದ ರೀತಿಗೆ ನಾನೂ ಕಲ್ಲಿನ ಮೇಲೆ ಕಾಲು ಮಡಿಸಿ ಕೂತಿದ್ದೆ.

ಆದರೂ ಆ ಬೆಳೆ ತೂತಾಯಿತು. ಅದಕ್ಕಿಂತ ವಿಚಿತ್ರವೆಂದರೆ, ಬಲೆ ಕಟ್ಟಿದ ಮನೆಗಳಲ್ಲೇ ಹಾವಳಿ ಹೆಚ್ಚು. ಬಲೆ ಕಟ್ಟದ ಸೋಮಾರಿಗಳ ಮನೆಯಲ್ಲಿ ಕಡಿಮೆ. ಡೆಮಾನ್‌ಸ್ಟ್ರೇಟರ್ ಕಷ್ಟಕ್ಕೆ ಸಿಕ್ಕರು. ಊರವರು ಸುತ್ತುವರಿದಾಗ ಆ ಪುಣ್ಯಾತ್ಮರು ಕಲ್ಲಿನ ಮೇಲೆ ಕೂತಿದ್ದ ನನ್ನ ಕಡೆ ಕೈ ತೋರಿಸಿ, “ನಾನು ಬಲೆ ಕಟ್ಬೋದು. ಊರೂರ ಹುಳದ ಮನೆ ಮುಂದೆ ಕೂತು ಎದ್ದು ಬರೋರಿಗೆ ಏನ್ ಕಟ್ಲಿ?” ಎಂದರು. ಅಲ್ಲಿಗೆ ಮುಗಿಯಿತು. ಮಾರನೆಯ ವಾರ ಹೋದಾಗ ನನ್ನ ಕಲ್ಲುಚಪ್ಪಡಿಯ ತುಂಬ ಬೆರಣಿ ತಟ್ಟಿದ್ದರು. ಅಂಚಿನಲ್ಲೂ ಜಾಗ ಬಿಟ್ಟಿರಲಿಲ್ಲ.

ಮಾರ್ಗದರ್ಶಕರಿಗೆ ವರದಿ ಒಪ್ಪಿಸಿದೆ. ಅವರು ಮೊದಲ ಸಲ ನನ್ನ ಮೇಲೆ ಪ್ರಸನ್ನರಾದರು.

“ಒಳ್ಳೆಯದೇ ಆಯ್ತಲ್ಲ. ಒಳಗೆ ಬಿಡಲಿಲ್ಲ, ಕಣ್ಣು ಬೀಳುತ್ತೆ ಅಂದ್ರು, ನೊಣ ನೀವೇ ತಂದ್ರಿ ಅಂತಾರೆ. ಇದನ್ನೇ ಬರೀರಿ. ಮೂಢನಂಬಿಕೆಯಿಂದ ಬಲೆಯ ಯೋಜನೆ ಸೋತಿತು. ಬೆಳೆ ನೋಡಬೇಕು ಅನ್ನೋ ಷರತ್ತೂ ಬಿಡ್ತೀನಿ.”

“ಆದರೆ ಬಲೆ ಅವರು ಸರಿಯಾಗೇ ಕಟ್ಟಿದ್ರು ಸಾರ್. ನಾನೇ ನೋಡಿದೀನಿ.”

“ಹೊರಗೆ ಕೂತು ಏನ್ರೀ ನೋಡಿದ್ರಿ? ನೀವಿಲ್ಲದಾಗ ತೆಗೆದಿರ್ತಾರೆ.”

ಮನೆಗೆ ಬಂದು ಬರೆಯಲು ಕೂತೆ. ಪದವಿ ಕಣ್ಣೆದುರಿಗೇ ಇತ್ತು. ಒಂದು ಅಧ್ಯಾಯ ಬರೆದರೆ ಸಾಕು. ಸತ್ಯಸಂಧತೆ ನನ್ನನ್ನು ತಡೆಯಿತು ಎಂದು ಬರೆದುಕೊಳ್ಳಲು ಆಸೆ, ಆದರೆ ತಡೆದದ್ದು ದಿಗಿಲು. ಅವರು ಹೇಳಿದ್ದು ನಿಜವೇ ಆಗಿದ್ದರೆ? ನನ್ನ ಚೀಲದಲ್ಲೋ, ಕೊಡೆಯ ಮಡಿಕೆಯಲ್ಲೋ ಕೂತು ಆ ನೊಣ ನಿಜವಾಗಿ ಬಂದಿದ್ದರೆ? ಎರಡು ಸಾಲು ಬರೆಯುವುದು, ಎದ್ದು ಹೋಗಿ ಕೊಡೆ ಬಿಚ್ಚಿ ನೋಡುವುದು. ಹೆಂಡತಿ, “ಮನೆಯೊಳಗೆ ಕೊಡೆ ಬಿಚ್ಚಬೇಡಿ” ಎನ್ನುವುದು. ಹೀಗೇ ಕಳೆಯಿತು.

ಬರೆಯುವುದನ್ನು ನಿಲ್ಲಿಸಿ, ನಾನು ಯಾವತ್ತೂ ಕಾಲಿಡದ ಊರುಗಳನ್ನು ಹುಡುಕಿಕೊಂಡು ಹೊರಟೆ. ಮುಳಬಾಗಿಲಿನ ಕಡೆ ಹೋದೆ, ಶ್ರೀನಿವಾಸಪುರದ ಕಡೆ ಹೋದೆ. ಊರೊಳಗೆ ಹೋಗುವ ಧೈರ್ಯವಿಲ್ಲದೆ ಹೊರಗಿನ ಟೀ ಅಂಗಡಿಯಲ್ಲೇ ನಿಂತು ವಿಚಾರಿಸಿದೆ. ನೊಣ ಎಲ್ಲ ಕಡೆಯೂ ನನಗಿಂತ ಮೊದಲೇ ಬಂದಿತ್ತು. ಪೀಡೆ ಇದೆ ಎಂದು ಅವರು ಗೋಳಾಡುತ್ತಿದ್ದರೆ ನನ್ನ ಮುಖ ಅರಳುತ್ತಿತ್ತು. ಒಂದು ಕಡೆ ಅದನ್ನು ನೋಡಿ ಟೀ ಅಂಗಡಿಯವನು, “ಏಮಿ ಸಾಮಿ, ನಮ್ ಹುಳ ಸತ್ರೆ ನಿಮ್ಗೆ ಹಬ್ಬವಾ?” ಎಂದು ಲೋಟ ಕಿತ್ತುಕೊಂಡ.

ಶ್ರೀನಿವಾಸಪುರದಿಂದ ವಾಪಸ್ಸು ಬರುವಾಗ ನಮ್ಮ ಬಸ್ಸಿಗೆ ಒಂದು ಎತ್ತಿನ ಗಾಡಿ ಅಡ್ಡವಾಯಿತು. ಗಾಡಿಯ ತುಂಬ ಚಂದ್ರಿಕೆ. ರಸ್ತೆ ಕಿರಿದು, ಬಸ್ಸು ಅದರ ಹಿಂದೆಯೇ ತೆವಳಿತು. ಕಿಟಕಿಯಿಂದ ನೋಡುತ್ತೇನೆ: ಗೂಡು ಬಿಡಿಸಿ ಆದ ಚಂದ್ರಿಕೆಗಳೇ, ಆದರೆ ಒಂದೊಂದರ ಮೂಲೆಯಲ್ಲೂ ಕೆಲವು ಗೂಡು ಅಂಟಿಕೊಂಡಿವೆ.

“ಬಿಡಿಸೋದು ಮರೆತಿದಾರೆ” ಎಂದೆ.

ಪಕ್ಕದಲ್ಲಿ ಕೂತ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮರೆಯೋದೇನು? ಎರವು ತಂದ ಚಂದ್ರಿಕೇನ ಬರಿದು ಮಾಡಿ ವಾಪಸ್ ಕೊಡ್ತಾರಾ ಯಾರಾದ್ರೂ? ನಿಮ್ಮನೇಲಿ ಪಕ್ಕದ ಮನೆ ಪಾತ್ರೆ ಖಾಲಿ ಕೊಡ್ತೀರಾ?”

ಕೊಡುವುದಿಲ್ಲ. ನನ್ನ ಹೆಂಡತಿ ಒಂದು ತುಂಡು ಬೆಲ್ಲವನ್ನಾದರೂ ಹಾಕಿ ಕೊಡುತ್ತಾಳೆ. ನನಗೆ ಕಲ್ಲಿನ ಮೇಲೆ ಕೂತು ನೋಡಿದ್ದೆಲ್ಲ ನೆನಪಿಗೆ ಬಂತು. ಆ ಊರಿನ ಚಂದ್ರಿಕೆಗಳಲ್ಲಿ ಹೆಚ್ಚಿನವು ಯಜಮಾನಮ್ಮನವು. ಹಣ್ಣಾದ ಹುಳ ಕಾಯುವುದಿಲ್ಲವಾದ್ದರಿಂದ ಚಂದ್ರಿಕೆ ಕೇಳಿ ಬಂದವರಿಗೆ, ಮಾತು ಬಿಟ್ಟವರೇ ಆಗಿರಲಿ, ಇಲ್ಲ ಅನ್ನುವ ಹಾಗಿಲ್ಲ. ಬಾಡಿಗೆಯೂ ಇಲ್ಲ. ವಾಪಸ್ಸು ಬರುವಾಗ ಮೂಲೆಯಲ್ಲಿ ನಾಲ್ಕಾರು ಗೂಡು ಇದ್ದೇ ಇರುತ್ತಿದ್ದವು. ಮರ್ಯಾದೆಗೆ ಬಿಡುವ ಗೂಡು ಎಂಥದು? ಮಾರಲು ಬರದ, ಕಲೆಯಾದ, ಮೆತ್ತಗಿನ ಗೂಡು. ನೊಣದ ಮರಿ ಒಳಗಿರುವ ಗೂಡು. ಮೊದಲು ಆ ಚಂದ್ರಿಕೆಗಳನ್ನು ಹೊರಗೆ ಚಪ್ಪರದ ಕೆಳಗೆ ಒರಗಿಸುತ್ತಿದ್ದರು. ಇಲಾಖೆಯ ಅಪ್ಪಣೆಯಾದ ಮೇಲೆ, ಹುಳ ನಾಲ್ಕನೆಯ ಜ್ವರಕ್ಕೆ ಕೂತಾಗಲೇ, ಒಳಗೆ ತಂದು ಬಲೆ ಬಿಗಿಯುತ್ತಿದ್ದರು. ಬಲೆ ಕಟ್ಟದ ಸೋಮಾರಿಗಳ ಚಂದ್ರಿಕೆ ಹೊರಗೇ ಬಿದ್ದಿದ್ದು, ನೊಣ ಹುಟ್ಟಿದರೂ ಹಾರಿಹೋಗುತ್ತಿತ್ತು. ಬಲೆಯ ಮನೆಗಳಲ್ಲಿ ನೊಣ ಒಳಗೇ ಹುಟ್ಟುತ್ತಿತ್ತು, ಬಲೆ ಅದನ್ನು ಹೊರಗೆ ಹೋಗದ ಹಾಗೆ ಜೋಪಾನ ಮಾಡುತ್ತಿತ್ತು.

ನಾನು ಬಸ್ಸು ನಿಲ್ಲಿಸಿ ಎಂದು ಕೂಗಿ ಇಳಿದು, ಗಾಡಿಯಿಂದ ರಸ್ತೆಗೆ ಉದುರಿದ್ದ ಗೂಡುಗಳನ್ನು ಆಯತೊಡಗಿದೆ. ಕಂಡಕ್ಟರ್, “ಏನ್ ಸಾರ್, ರೇಷ್ಮೆ ಸೀರೆ ನೇಯಿಸ್ತೀರಾ? ಹತ್ರೀ ಬೇಗ” ಎಂದು ಸೀಟಿ ಊದಿದ.

ಮನೆಯಲ್ಲಿ ಹೆಂಡತಿಯ ಮಾವಿನ ಉಪ್ಪಿನಕಾಯಿಯ ಗಾಜಿನ ಜಾಡಿ ಖಾಲಿ ಇತ್ತು. ಅದಕ್ಕೆ ಗೂಡು ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಮಂಚದ ಕೆಳಗಿಟ್ಟೆ. ಬಿಳಿಯ ಮರಿಗಳು ಗೂಡು ಕೊರೆದು ಹೊರಬಂದು ಜಾಡಿಯ ತಳದಲ್ಲಿ ಕಂದು ಕಾಳುಗಳಾದವು. ದಿನಗಳು ಕಳೆದು ಒಂದು ಬೆಳಿಗ್ಗೆ ಬಟ್ಟೆಗೆ ಗುಯ್ಯೆಂದು ಡಿಕ್ಕಿ ಹೊಡೆಯುತ್ತಿದ್ದವು ನೊಣಗಳು. ನಾನು ಕುಣಿದೆ. ಹೆಂಡತಿ, “ಆ ಜಾಡಿಗೆ ಇನ್ನು ಉಪ್ಪಿನಕಾಯಿ ಹಾಕ್ತೀನಿ ಅಂದ್ಕೊಂಡಿದೀರಾ? ಆದ್ರೂ ಜಾಡಿ ವಾಪಸ್ ಬರ್ಬೇಕು, ನನ್ನ ತವರಿಂದು” ಎಂದಳು.

ಈಗ ಹೊಸ ದಿಗಿಲು. ನೊಣ ತಂದವನು ಎಂದು ಊರೇ ಹೇಳುತ್ತಿರುವಾಗ, ಜಾಡಿಯ ತುಂಬ ನೊಣ ಹಿಡಿದುಕೊಂಡು ನಾನೇ ಅಲ್ಲಿಗೆ ಹೋಗುವುದೇ? ಬಸ್ಸಿನ ಕುಲುಕಿಗೆ ಬಟ್ಟೆ ಕಳಚಿಕೊಂಡರೆ ಮಾಲೂರಿನಿಂದ ವೇಮಗಲ್‌ವರೆಗೆ ಹಂಚಿಕೊಂಡು ಹೋದ ಹಾಗೆ. ಯೋಚಿಸಿ ಯೋಚಿಸಿ, ಕೊನೆಗೆ ಸೀಮೆಎಣ್ಣೆಯಲ್ಲಿ ನೆನೆದ ಹತ್ತಿ ಹಾಕಿ ಎಲ್ಲವನ್ನೂ ಕೊಂದುಬಿಟ್ಟೆ. ನನ್ನ ಸಾಕ್ಷಿಗಳನ್ನು ನಾನೇ ಕೊಂದಿದ್ದೇನೆ ಎಂದು ಹೊಳೆದದ್ದು ಯಜಮಾನಮ್ಮನ ಅಂಗಳದಲ್ಲಿ.

ಡೈರಿಯಿಂದಲೇ ಜನ ನನ್ನ ಹಿಂದೆ ಬಂದಿದ್ದರು. ಡೆಮಾನ್‌ಸ್ಟ್ರೇಟರ್ ಕೂಡ ಅವತ್ತು ಅಲ್ಲೇ ಇದ್ದರು. ನಾನು ಜಾಡಿ ಎತ್ತಿ ಹಿಡಿದು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಯಜಮಾನಮ್ಮ ಜಾಡಿ ಕಸಿದುಕೊಂಡು ಅಲುಗಾಡಿಸಿದರು.

“ಸತ್ತಿದಾವೆ.”

“ಹೌದಮ್ಮ. ಬದುಕಿದ್ದಾಗ ತರೋಕೆ ಭಯ ಆಯ್ತು.”

“ಬದುಕಿದ್ದಿದ್ದು ತಂದಿದ್ರೆ ನಿಮ್ ಕಾಲು ಮುರೀತಿದ್ವಿ. ಸತ್ತಿದ್ದು ತಂದ್ರೆ ಯಾರ್ ನಂಬ್ತಾರೆ? ಯಾವ ತಿಪ್ಪೇಲಿ ಹಿಡಿದ್ರೋ.”

“ನನ್ನನ್ನ ನಂಬಬೇಡಿ. ನಿಮ್ ಚಂದ್ರಿಕೆ ಮೇಲಿರೋ ಗೂಡು, ನಿಮ್ ಜಾಡಿ, ನಿಮ್ಮನೆ ಬಟ್ಟೆ. ನಾನು ಮುಟ್ಟಲ್ಲ, ಈ ಕಡೆ ಸುಳಿಯೋದೂ ಇಲ್ಲ. ನೋಡಿ ಹೇಳಿ.”

“ಎರವು ಕೊಟ್ಟು ಉಪಕಾರ ಮಾಡಿದ ನಾನು ಊರ ತುಂಬ ನೊಣ ಹಂಚಿದೆ ಅಂತೀರಾ?” ಆಕೆಯ ದನಿ ಏರಿತು. “ನಮ್ಮತ್ತೆ ಕಾಲದಿಂದ ಈ ಮನೆ ಚಂದ್ರಿಕೆ ಹೋಗದ ಊರಿಲ್ಲ. ಇವತ್ತು ಬಂದು ಹೇಳ್ತೀರಾ?”

ಡೆಮಾನ್‌ಸ್ಟ್ರೇಟರ್, “ಬಿಡಿ ಅಮ್ಮ, ಓದ್ದೋರ ತಲೆ ಹಂಗೇ” ಎಂದರು.

“ನೀವು ಬಾಯ್ ಮುಚ್ಕೊಳಿ. ನಿಮ್ ಬಲೆ ನೋಡಿದೀನಿ.” ಆಕೆ ನನ್ನ ಕಡೆ ತಿರುಗಿದರು. “ಎಲ್ರೆದುರ್ಗೂ ಹೇಳ್ತೀನಿ. ನೊಣ ಬರ್ಲಿಲ್ಲ ಅಂದ್ರೆ ಈ ಊರ ಬಸ್ಸೇ ಹತ್ಬಾರದು ನೀವು.”

“ಬಂದ್ರೆ?”

“ಬಂದಾಗ ನೋಡೋಣ. ನಡೀರಿ.”

ನನ್ನ ಜಾಡಿಯನ್ನು ವಾಪಸ್ಸು ಕೊಡಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಮಾಲೂರಿನಲ್ಲಿ ಕಾದ ಆ ದಿನಗಳಲ್ಲಿ ನಾನು ಪಟ್ಟ ಸಂಕಟವನ್ನು ವರ್ಣಿಸಿದರೆ ಓದುವವರಿಗೆ ಬೇಸರ. ಆಕೆ ಆರಿಸುವ ಗೂಡುಗಳಲ್ಲಿ ಒಂದರಲ್ಲೂ ಮರಿ ಇರದಿದ್ದರೆ? ಜಾಡಿಯನ್ನು ಬಿಸಿಲಿಗಿಟ್ಟರೆ? ಮಾರ್ಗದರ್ಶಕರಿಗೆ ವಿಷಯ ತಿಳಿಸಿದ್ದೆ. ಅವರು, “ನೀವು ನೀತಿ ಅಧ್ಯಯನಕ್ಕೆ ಬಂದಿದ್ದೀರೋ ನೊಣ ಸಾಕೋದಕ್ಕೋ?” ಎಂದು ಮುಖ ತಿರುಗಿಸಿದ್ದರು. ರಜೆ ಕರಗುತ್ತಿತ್ತು.

ತಡೆಯಲಾರದೆ ಆ ಊರಿಗೆ ಹೋದೆ. ಅಂಗಳದ ಮೂಲೆಯಲ್ಲಿ ಬೂದಿಯ ಗುಡ್ಡೆ. ಚಂದ್ರಿಕೆಗಳು ಬಿಸಿಲಿಗೆ ಸಾಲಾಗಿ ನಿಂತಿದ್ದವು. ಸಂದುಗಳಲ್ಲಿ ಒಂದು ಎಳೆಯೂ ಉಳಿಯದ ಹಾಗೆ ಬೆಂಕಿ ಆಡಿಸಿದ್ದರು; ಸುಟ್ಟ ವಾಸನೆ ಇನ್ನೂ ಇತ್ತು. ಗೋಡೆಯ ಗೂಡಿನಲ್ಲಿಟ್ಟಿದ್ದ ಆಕೆಯ ಜಾಡಿಯೊಳಗೆ ನೊಣಗಳು ಬಟ್ಟೆಗೆ ತಲೆ ಬಡಿಯುತ್ತಿದ್ದವು. ಯಜಮಾನಮ್ಮ ನನ್ನನ್ನು ನೋಡಿ ಎದ್ದು ಬರಲಿಲ್ಲ, ಕೂರಿ ಎನ್ನಲಿಲ್ಲ.

“ಸಂತೋಷ ಆಯ್ತಾ?”

ನಾನು ಜಾಡಿಯ ಕಡೆ ನೋಡಿದೆ.

“ಊರವ್ರು ಬಂದು ನೋಡಿದ್ರು. ಈಗ ನನ್ ಚಂದ್ರಿಕೆ ಯಾರಿಗೂ ಬೇಡ. ಎದುರು ಮನೆಯವ್ಳು ನಿನ್ನಿಂದ ನಮ್ ಬೆಳೆ ಹೋಯ್ತು ಅಂತ ಮಾತು ಬಿಟ್ಳು. ನೀವು ಬರೋಕ್ ಮುಂಚೆ ನಮ್ಗೆ ನೊಣ ಒಂದೇ ಇತ್ತು ಮೇಷ್ಟ್ರೇ. ಈಗ ಜಗಳಾನೂ ಇದೆ.”

ಹೋಗಿಬರುತ್ತೇನೆ ಎಂದು ಹೊರಟೆ.

“ಎಲ್ಲಿಗೆ? ಒಳಗೆ ಹುಳ ಎರಡನೇ ಜ್ವರದಲ್ಲಿದೆ. ಹಣ್ಣಾದಾಗ ಆಯೋಕೆ ಪ್ರತೀ ಬೆಳೆಗೂ ಬರ್ತಿದ್ದ ಅಕ್ಕಪಕ್ಕದೋರು ಯಾರೂ ಬರಲ್ಲ ಈ ಸಲ. ಮಾಡಿದೋರು ನೀವು. ಬಂದು ಮಾಡಿ. ಎಣ್ಣೆ ಹಚ್ಕೊಂಡು ಬಂದ್ರೆ ಬಾಗ್ಲಲ್ಲೇ ತಲೆ ಬೋಳಿಸ್ತೀನಿ.”

ಹೀಗೆ ನನಗೆ ಹುಳದ ಮನೆಯೊಳಕ್ಕೆ ಪ್ರವೇಶ ದೊರೆಯಿತು. ನಿಂತು ನೋಡುವ ವಿದ್ವಾಂಸನಾಗಿ ಅಲ್ಲಿ ಯಾರಿಗೂ ಜಾಗವಿರಲಿಲ್ಲ. ಸೊಪ್ಪು ಹೊತ್ತೆ, ಹಿಕ್ಕೆ ಬಳಿದೆ, ಹಣ್ಣಾಗದ ಹುಳವನ್ನು ಹಣ್ಣೆಂದು ಆಯ್ದು ಬಯ್ಯಿಸಿಕೊಂಡೆ. “ಕಾಲೇಜಲ್ಲಿ ಹಿಂಗೇ ಪಾಸ್ ಮಾಡ್ತೀರಾ, ಕಾಯಿ ಹಣ್ಣು ನೋಡ್ದಂಗೆ?” ಸೊಸೆ ನಕ್ಕರೆ ಅವಳಿಗೂ ಬೈಗುಳ. ಚಂದ್ರಿಕೆಯನ್ನು ಒಳಗೆ ತರುವ ಮೊದಲು ಆಕೆಯೇ ಬೆಳಕಿಗೆ ಹಿಡಿದು ಪ್ರತಿ ಸಂದೂ ನೋಡಿದರು. ಬಲೆ ಮೊದಲಿನಷ್ಟೇ ಬಿಗಿ. ಗೂಡು ಬಿಡಿಸುವ ದಿನ ತೂತಿನ ಗೂಡು ಅಲ್ಲೊಂದು ಇಲ್ಲೊಂದು ಇದ್ದವು, ಅಷ್ಟೆ. ಒಂದು ಬೆಳೆ ನಾನು ಪೂರ್ತಿ ನೋಡಿದ್ದೆ. ಸೊಂಟ ಹಿಡಿದುಕೊಂಡಿತ್ತು.

ಪ್ರಬಂಧ ಮಾರ್ಗದರ್ಶಕರ ಮೇಜಿಗೆ ಹೋಯಿತು. ಅವರು ಎರವಿನ ಚಂದ್ರಿಕೆಯ ಅಧ್ಯಾಯವನ್ನು ಅನುಬಂಧಕ್ಕೆ ತಳ್ಳಿ ಎಂದರು. ನಾನು ಜೀವಮಾನದಲ್ಲಿ ಒಂದೇ ಒಂದು ಸಲ ಆಗುವುದಿಲ್ಲ ಎಂದೆ, ಹೇಳಿ ಮೂರು ದಿನ ಜ್ವರ ಮಲಗಿದೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು, “ಒಂದು ಜಾಡಿಯಿಂದ ನೀತಿ ಮಾಡಲಾಗುತ್ತದೆಯೇ?” ಎಂದು ಕೇಳಿದರು. “ಒಂದು ಅಪ್ಪಣೆಯಿಂದ ಮಾಡಿದ್ದರಲ್ಲ ಸಾರ್” ಎಂದು ನನ್ನ ಬಾಯಿಂದ ಹೊರಟಿತು. ಪದವಿ ಕೊಟ್ಟರು, ಕೈ ಕುಲುಕಲಿಲ್ಲ.

ಪದವಿಯ ಸುದ್ದಿ ಹೇಳಲು ಆ ಊರಿಗೆ ಹೋದೆ. ಡೈರಿಯ ಮುಂದೆ ಯಾರೋ “ನೊಣದ ಮೇಷ್ಟ್ರು ಬಂದ್ರು” ಎಂದರು; ತೆಲುಗಿನಲ್ಲಿ ಬೇರೇನೂ ಸೇರಿಸಲಿಲ್ಲ. ಯಜಮಾನಮ್ಮ ಸುದ್ದಿ ಕೇಳಿ “ಸರಿ” ಎಂದು ಒಳಗೆ ಹೋಗಿ ನನ್ನ ಹೆಂಡತಿಯ ಜಾಡಿ ತಂದು ಕೈಗಿಟ್ಟರು.

ಮನೆಗೆ ತಂದುಕೊಟ್ಟೆ. ಹೆಂಡತಿ ಒಳಗೆ ನೋಡಿ, ಕೈಹಾಕಿ, ತಲೆಕೆಳಗು ಮಾಡಿದಳು.

“ಎಂಥಾ ಜನ ರೀ! ಅಷ್ಟು ದಿನ ಇಟ್ಕೊಂಡು ಖಾಲಿ ಕೊಟ್ಟಿದಾರಲ್ಲ. ಒಂದು ಬೆಲ್ಲದ ಚೂರೂ ಇಲ್ಲ.”

ನಾನು ಇಸಿದುಕೊಂಡು ನೋಡಿದೆ. ತೊಳೆದು, ಬಿಸಿಲಿಗೆ ಒಣಗಿಸಿ, ಅಂಚಿನ ಸಂದಿನಲ್ಲೂ ಒಂದು ಕಣ ಉಳಿಯದ ಹಾಗೆ ಒರೆಸಿದ್ದರು.